ಗಾಯಗೊಂಡ ಪ್ರಾಣಿಯ ಪ್ರಶ್ನೆ

ಏಳೂ ಹತ್ತರ ರೈಲಿನಲ್ಲಿ ಅವತ್ತು ಗೌರೀಶನಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ನಗರದ ಹೊರಗಿನ ಈ ಟಾರ್ನೀಟಿಗೆ ಬಂದು ಆರು ವರ್ಷವಾದರೂ ಹೀಗೆ ಸಿಕ್ಕಿದ್ದು ಬೆರಳೆಣಿಕೆಯ ಸಲ. ಆದರೂ ಖುಷಿಯೇನೂ ಆಗಲಿಲ್ಲ. ಖುಷಿಪಡುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ. ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಪುಸ್ತಕ ತೆಗೆದ. ಶಾಲೆಯ ಹುಡುಗರ ಹಾಗೆ ಅದಕ್ಕೆ ಬೈಂಡು ಹಾಕಿದ್ದ. ಇಂಡಿಯನ್ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಿಂದ ಮುಗಿದ ತಿಂಗಳ ಹಾಳೆ ಹರಿದು, ಲಕ್ಷ್ಮಿಯ ಚಿತ್ರ ಒಳಗೆ ಹೋಗುವಂತೆ ಮಡಿಸಿದ್ದ. ಮೊದಲ ವಾರ ಬೈಂಡು ಇಲ್ಲದೆಯೇ ಓದುತ್ತಿದ್ದ. ಪುಸ್ತಕದ ಮೇಲೆ ಬಂದೂಕು ಹಿಡಿದು ಹುಲ್ಲಿನಲ್ಲಿ ಮಂಡಿಯೂರಿದ ಮನುಷ್ಯನ ಫೋಟೊ. ಆಗೊಂದು ದಿನ ಎದುರು ಕೂತಿದ್ದ ಹೆಂಗಸು ಆ ಫೋಟೊ ನೋಡಿದಳು, ಅವನ ಗಡ್ಡ ನೋಡಿದಳು, ಕಾಲ ಬಳಿಯಿದ್ದ ಬ್ಯಾಗು ನೋಡಿದಳು. ಗೌರೀಶ ಹೆದರಬೇಡಿ ಎನ್ನುವಂತೆ ನಕ್ಕ. ನಗಬಾರದಿತ್ತು. ಡೀರ್ ಪಾರ್ಕಿನಲ್ಲಿ ರೈಲು ನಿಂತಾಗ ಆಕೆ ಎದ್ದು ಮುಂದಿನ ಬೋಗಿಗೆ ಹೋದಳು. ಅಲ್ಲಿಂದ ಸನ್‌ಶೈನ್ ಬರುವವರೆಗೂ ಯಾರಾದರೂ ಬಂದು ತನ್ನನ್ನು ವಿಚಾರಿಸುತ್ತಾರೆಂದು ಕಾಯುತ್ತ, ವಿಚಾರಿಸಿದರೆ ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಹೊಂದಿಸಿಕೊಳ್ಳುತ್ತ ಕೂತಿದ್ದ: ನಾನು ದನದ ಡಾಕ್ಟರು, ಇದು ಕೆಲಸದ ಸಲುವಾಗಿ ಓದುವುದು, ನಾನು ಮೊಟ್ಟೆ ಕೂಡ ತಿನ್ನುವವನಲ್ಲ. ಯಾರೂ ಬರಲಿಲ್ಲ. ಬಂದಿದ್ದರೇ ಚೆನ್ನಾಗಿತ್ತೇನೋ ಎಂದು ಆಮೇಲೆ ಅನ್ನಿಸಿತ್ತು.

ಪುಸ್ತಕ ಬೇಟೆಗಾರರ ಸುರಕ್ಷತಾ ಶಿಕ್ಷಣದ್ದು, ಬಂದೂಕಿನ ಲೈಸೆನ್ಸಿನ ಪರೀಕ್ಷೆಗೆ ಓದಬೇಕಾದದ್ದು. ನಳಿಕೆಯನ್ನು ಎಂದೂ ಜನರ ಕಡೆ ತಿರುಗಿಸಬಾರದು. ಹೊಡೆಯುವ ಗಳಿಗೆ ಬರುವ ತನಕ ಟ್ರಿಗರಿನ ಮೇಲೆ ಬೆರಳಿಡಬಾರದು. ಗುರಿಯ ಹಿಂದೆ ಏನಿದೆ ಎಂದು ನೋಡಿಕೊಳ್ಳದೆ ಹೊಡೆಯಬಾರದು. ಬೇಲಿ ದಾಟುವ ಮೊದಲು ಬಂದೂಕನ್ನು ಖಾಲಿ ಮಾಡಬೇಕು. ಎಲ್ಲ ಬಾಯಿಪಾಠವಾಗಿತ್ತು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ತೊಂದರೆಯಿದ್ದದ್ದು ಹದಿನೇಳನೆಯ ಪ್ರಶ್ನೆಯಲ್ಲಿ. ಪ್ರಾಣಿಯೊಂದು ಗಾಯಗೊಂಡು ಬಿದ್ದಿದೆ, ಇನ್ನೂ ಜೀವವಿದೆ, ನೀವು ಏನು ಮಾಡಬೇಕು? ಎ: ಅದಕ್ಕೆ ತೊಂದರೆ ಕೊಡದೆ, ತಾನಾಗಿ ಸಾಯುವ ತನಕ ಶಾಂತವಾಗಿ ಬಿಟ್ಟುಬಿಡಬೇಕು. ಬಿ: ಜೊತೆಯವರನ್ನು ಕರೆತರಲು ಹೋಗಬೇಕು. ಸಿ: ಎಚ್ಚರಿಕೆಯಿಂದ ಹತ್ತಿರ ಹೋಗಿ ಬೇಗನೆ ಕೊನೆಗಾಣಿಸಬೇಕು. ಡಿ: ಮುಂದಿನ ಬೇಟೆಗೆ ಹೋಗಬೇಕು. ಇಪ್ಪತ್ತು ಪ್ರಶ್ನೆಗಳ ಈ ಭಾಗದಲ್ಲಿ ಒಂದು ತಪ್ಪಿದರೂ ನಪಾಸು. ಮೊದಲ ಸಲ ಗೌರೀಶ ಎ ಎಂದು ಬರೆದ, ಎರಡು ಸಲ ಯೋಚಿಸದೆ, ಇದಕ್ಕಿಂತ ಸುಲಭದ ಪ್ರಶ್ನೆಯೇ ಇಲ್ಲವೆಂಬ ಧೈರ್ಯದಲ್ಲಿ. ಎರಡನೆಯ ಸಲ ಸಿ ಎಂದು ಗುರುತು ಹಾಕಿ, ಉಳಿದವನ್ನೆಲ್ಲ ಮುಗಿಸಿ, ಹಾಳೆ ಕೊಡುವ ಮೊದಲು ಹಿಂದಕ್ಕೆ ಬಂದು ಅದನ್ನು ಹೊಡೆದುಹಾಕಿ ಎ ಎಂದು ಮಾಡಿದ. ಯಾಕೆ ಮಾಡಿದಿರಿ ಎಂದು ಹೆಂಡತಿ ಮಹಾಶ್ವೇತಾ ಕೇಳಿದಳು. ಕೈ ಹಾಗೆ ಹೋಯಿತು ಅಂದ. ಕೈ ಹಾಗೆ ಹೋಗುವುದಕ್ಕೆ ಅದೇನು ಬೇರೆಯವರ ಕೈಯೇ ಎಂದು ಆಕೆ ಕೇಳಲಿಲ್ಲ. ಹದಿನೆಂಟು ವರ್ಷ ಸಂಸಾರ ಮಾಡಿದವಳಿಗೆ ಕೇಳುವ ಉಮೇದೂ ಉಳಿದಿರಲಿಲ್ಲ.

ನಾಳೆ ಶನಿವಾರ ಮೂರನೆಯ ಸಲ. ಇದೂ ತಪ್ಪಿದರೆ ಆರು ತಿಂಗಳು ಮತ್ತೆ ಬರೆಯುವಂತಿಲ್ಲ. ಅಷ್ಟರಲ್ಲಿ ಕೆಲಸ ಹೋಗಿರುತ್ತದೆ. ಅವನಿದ್ದ ಕಂಪನಿ ನರಿ, ಮೊಲ, ಕಾಡುಹಂದಿ, ಜಿಂಕೆಗಳ ಹಾವಳಿ ತಗ್ಗಿಸುವ ಗುತ್ತಿಗೆ ಹಿಡಿಯುವಂಥದು. ಕಾಡಿನಲ್ಲಿ ಕಟ್ಟಿದ ಕ್ಯಾಮೆರಾಗಳು ತೆಗೆದ ಫೋಟೊ ನೋಡಿ ಯಾವ ಪ್ರಾಣಿ, ಎಷ್ಟು, ಯಾವ ಹೊತ್ತಿನಲ್ಲಿ ಎಂದು ಬರೆದಿಡುವುದು ಗೌರೀಶನ ಕೆಲಸ. ಆರು ವರ್ಷದಿಂದ ಅವನು ಬರೆದುಕೊಟ್ಟ ಜಾಗಕ್ಕೆ ಬೇರೆಯವರು ಹೋಗಿ ಗುಂಡು ಹೊಡೆದು ಬರುತ್ತಿದ್ದರು, ಅದು ಅವನ ನಿದ್ದೆಗೆಡಿಸಿರಲಿಲ್ಲ. ಈಗ ಫೋಟೊ ಎಣಿಸುವ ಸಾಫ್ಟ್‌ವೇರ್ ಬಂದಿದೆ. ಜುಲೈ ಒಂದರಿಂದ ಕಚೇರಿಯಲ್ಲಿ ಯಾರೂ ಬೇಡ, ಬಂದೂಕಿನ ಲೈಸೆನ್ಸಿದ್ದು ಕಾಡಿಗೆ ಹೋಗುವವರು ಮಾತ್ರ ಬೇಕು ಎಂದು ಮ್ಯಾನೇಜರ್ ಡ್ಯಾರೆನ್ ಒಂದು ಮಧ್ಯಾಹ್ನ ಕಾಫಿ ಹಿಡಿದು ಬಂದು ಹೇಳಿದ್ದ. ಪ್ರಾಣಿಗಳ ಡಾಕ್ಟರಾಗಿದ್ದವನು ನೀನು, ನಿನಗಿದು ಎಷ್ಟರದು ಮೇಟ್ ಎಂದು ಬೆನ್ನು ತಟ್ಟಿದ್ದ. ನಿಜವಾಗಿ ಪ್ರೀತಿಯಿಂದಲೇ ತಟ್ಟಿದ್ದ, ಅದೇ ಕಷ್ಟ.

ಡಾಕ್ಟರಾಗಿದ್ದವನು. ಆ ಮಾತಿಗೆ ಈ ದೇಶದಲ್ಲಿ ಹದಿಮೂರು ವರ್ಷ ತುಂಬಿತು. ಮೊದಲು ಪ್ಯಾರಮಟ್ಟಾದಲ್ಲಿ ಸ್ಟೇಷನ್ನಿನ ಹಿಂದಿನ ಫ್ಲ್ಯಾಟಿನಲ್ಲಿದ್ದಾಗ ಇಲ್ಲಿಯ ವೈದ್ಯರ ಪರೀಕ್ಷೆಗೆ ಎರಡು ಸಲ ಕೂತಿದ್ದ. ಐಶ್ವರ್ಯಾ ಆಗ ತೊದಲುವ ಕೂಸು. ಮಹಾಶ್ವೇತಾ ಆಫೀಸಿಗೆ ಹೋದ ಮೇಲೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಿಂತೇ ಓದುತ್ತಿದ್ದ, ಕೂತರೆ ನಿದ್ದೆ ಬರುತ್ತದೆಂದು. ಎರಡು ಸಲವೂ ಆಗಲಿಲ್ಲ. ಆಮೇಲೆ ನಾಯಿಗಳಿಗೆ ಸ್ನಾನ ಮಾಡಿಸುವ ಅಂಗಡಿಯಲ್ಲಿ ನಾಲ್ಕು ವರ್ಷ. ಒದ್ದೆ ನಾಯಿಯ ವಾಸನೆ ಕೊರಳ ಇಷ್ಟಲಿಂಗದ ವಸ್ತ್ರಕ್ಕೂ ಹತ್ತಿರುತ್ತಿತ್ತು. ಮುಂಜಾನೆ ಪೂಜೆಗೆ ಕರಡಿಗೆ ಬಿಚ್ಚಿದರೆ ಮೊದಲು ಮೂಗಿಗೆ ಬರುವುದು ಅದು, ಆಮೇಲೆ ವಿಭೂತಿ. ಒಮ್ಮೆ ಒಬ್ಬಾಕೆ ತನ್ನ ಮುದಿ ನಾಯಿಯನ್ನು ತಂದು, ಕೊನೆಯ ಸಲ ಚೆನ್ನಾಗಿ ತೊಳೆದುಕೊಡಿ, ಮಧ್ಯಾಹ್ನ ಅದನ್ನು ಸೂಜಿ ಕೊಡಿಸಿ ಮಲಗಿಸಿಬಿಡುತ್ತೇವೆ ಎಂದಳು. ಅಳುತ್ತಲೇ ಎಷ್ಟು ಸರಳವಾಗಿ ಹೇಳಿದಳು. ಗೌರೀಶ ನಾಯಿಯ ಕಿವಿಯ ಸಂದಿಯನ್ನೂ ಬಿಡದೆ ತೊಳೆದ, ಒಣಗಿಸಿ ಬಾಚಿ ಕೊಟ್ಟ. ಆಕೆಯ ಧೈರ್ಯಕ್ಕೆ ಹೊಟ್ಟೆಕಿಚ್ಚುಪಟ್ಟನೋ, ಆಕೆಯನ್ನು ಕಟುಕಿ ಎಂದುಕೊಂಡನೋ, ಈಗ ನೆನಪಿಲ್ಲ. ಎರಡೂ ಇರಬೇಕು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಪರೀಕ್ಷೆ ನಡೆಸುವ ಕ್ಲಬ್ಬಿನಿಂದ ಫೋನು ಬಂತು. ಒಬ್ಬಾಕೆ, ಲಿನೆಟ್ ಅಂತ ಹೆಸರು ಹೇಳಿದಳು, ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ ಮಾತಾಡಿದಳು. ಎರಡು ಸಲವೂ ಒಂದೇ ಪ್ರಶ್ನೆ ತಪ್ಪಿದೆ, ಮಿಕ್ಕದ್ದೆಲ್ಲ ಸರಿಯಿದೆ, ಹಾಗಾಗಿ ಭಾಷೆಯ ತೊಡಕಿರಬಹುದು ಎಂದು ನಮಗೆ ಅನಿಸಿದೆ. ನಾಳೆ ಬರವಣಿಗೆ ಬೇಡ, ನಾನೇ ಎದುರು ಕೂತು ಬಾಯಿಮಾತಿನಲ್ಲಿ ಕೇಳುತ್ತೇನೆ. ಅನುವಾದ ಮಾಡುವವರು ಬೇಕೆ? ನಿಮ್ಮದು ಹಿಂದಿಯೋ ಪಂಜಾಬಿಯೋ? ಗೌರೀಶನಿಗೆ ಕಿವಿ ಬಿಸಿಯಾಯಿತು. ಎಮ್ಮೆಗಳ ಗರ್ಭಕೋಶದ ಬೇನೆಯ ಬಗ್ಗೆ ಇನ್ನೂರು ಪುಟ ಇಂಗ್ಲಿಷಿನಲ್ಲಿ ಬರೆದು ಪದವಿ ತೆಗೆದುಕೊಂಡವನು ತಾನು. ಪ್ರಶ್ನೆ ಚೆನ್ನಾಗಿ ಅರ್ಥವಾಗಿದೆ ತಾಯಿ, ಅರ್ಥವಾಗಿದ್ದಕ್ಕೇ ತಪ್ಪುತ್ತಿದೆ ಎಂದು ಹೇಳಬಹುದಿತ್ತು. ಬದಲಿಗೆ, ಅನುವಾದದವರು ಬೇಡ, ನಿಧಾನಕ್ಕೆ ಕೇಳಿದರೆ ಸಾಕು ಎಂದ. ಭಾಷೆ ಬಾರದ ಬಡಪಾಯಿ ಅನ್ನಿಸಿಕೊಳ್ಳುವುದು ಆ ಹೊತ್ತಿಗೆ ಎಷ್ಟೋ ಮರ್ಯಾದೆಯ ಸಂಗತಿಯಾಗಿ ಕಂಡಿತು. ಥ್ಯಾಂಕ್ಸ್ ಎಂದು ಎರಡು ಸಲ ಹೇಳಿ ಫೋನಿಟ್ಟು, ಆರಿದ ರೊಟ್ಟಿ ಹರಿದು ಕಾಳುಪಲ್ಯದಲ್ಲಿ ಅದ್ದಿದ. ಬಾಯಿಗೆ ರುಚಿಯೇ ಹತ್ತಲಿಲ್ಲ.

ಸಂಜೆ ಮನೆಗೆ ಬಂದಾಗ ಊಟದ ಟೇಬಲ್ಲಿನ ಮೇಲೆ ಪೇಪರು ಹಾಸಿಕೊಂಡು ಅತ್ತೆ ರುದ್ರವ್ವ ಮೆಂತೆ ಸೊಪ್ಪು ಸೋಸುತ್ತಿದ್ದಳು. ವಿಸಿಟರ್ ವೀಸಾದಲ್ಲಿ ಬೈಲಹೊಂಗಲದಿಂದ ಬಂದು ಮೂರು ತಿಂಗಳಾಗಿತ್ತು. ಪಕ್ಕದಲ್ಲಿ ಐಶ್ವರ್ಯಾ ಲ್ಯಾಪ್‌ಟಾಪು ತೆರೆದುಕೊಂಡು ಕೂತಿದ್ದಳು. ಮಹಾಶ್ವೇತಾ ಮೇಲಿನ ಕೋಣೆಯಲ್ಲಿ ಇನ್ನೂ ಆಫೀಸಿನ ಮೀಟಿಂಗಿನಲ್ಲಿದ್ದಳು. ಅವಳ ಇಂಗ್ಲಿಷು ಮೆಟ್ಟಿಲಿಳಿದು ಬರುತ್ತಿತ್ತು. ಗೌರೀಶ ಬ್ಯಾಗಿನಿಂದ ಬೈಂಡಿನ ಪುಸ್ತಕ ತೆಗೆದಿಡುತ್ತಿದ್ದಂತೆ ರುದ್ರವ್ವ ಅದನ್ನೇ ನೋಡಿ ಉಸಿರುಬಿಟ್ಟಳು.

"ಇನ್ನೂ ಮುಗೀಲಿಲ್ಲೇನ್ರಿ ಗಾಡಿ ಪರೀಕ್ಷಾ?"

"ನಾಳೆ ಮುಗೀತೈತ್ರಿ ಅತ್ತಿ."

"ಎಷ್ಟ್ ಸಣ್ಣಾಗೀರಿ ನೋಡ್ರಿ. ಈ ವಯಸ್ಸಿನ್ಯಾಗ ಹುಡುಗರಂಗ ಓದೂದು ಅಂದ್ರ. ನಮ್ಮ ಊರಾಗ ಏಜಂಟಗ ಹೇಳಿದ್ರ ಮನೀಗೇ ತಂದ ಕೊಡ್ತಿದ್ದಾ ಲೈಸೆನ್ಸು."

ಕಂಪನಿಯ ದೊಡ್ಡ ಗಾಡಿ ನಡೆಸಲು ಬೇರೆ ಲೈಸೆನ್ಸು ಬೇಕೆಂದು ಆಕೆಗೆ ಹೇಳಿಟ್ಟಿದ್ದರು. ಎರಡು ಸಲ ನಪಾಸಾದ ಮೇಲೆ ರುದ್ರವ್ವ ಅಳಿಯನ ಕಾರಿನಲ್ಲಿ ಕೂರುವಾಗಲೆಲ್ಲ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಳ್ಳತೊಡಗಿದ್ದಳು. ಪಾಯಿಂಟ್ ಕುಕ್ಕಿನ ಒಬ್ಬರ ಹೊಸ ಮನೆಯ ಗುರುಪ್ರವೇಶಕ್ಕೆ ಹೋದಾಗ ನಾಲ್ಕು ಜನರೆದುರು, ನಮ್ಮ ಗೌರೀಶಪ್ಪಗ ಗಾಡಿ ಒಂದ ಒಲಿಯವಲ್ದು ನೋಡ್ರಿ ಎಂದು ಮರುಗಿದ್ದಳು. ಒಬ್ಬ ಅಂಕಲ್ ಅವನನ್ನು ಪಕ್ಕಕ್ಕೆ ಕರೆದು, ಫ್ರೀವೇಯಲ್ಲಿ ಲೇನ್ ಬದಲಿಸುವುದು ಹೇಗೆಂದು ಕಾಲುಗಂಟೆ ಪಾಠ ಮಾಡಿದ್ದ. ಗೌರೀಶ ತಲೆಯಾಡಿಸುತ್ತ ಕೇಳಿಸಿಕೊಂಡಿದ್ದ. ಸುಳ್ಳಿನ ಬಾಡಿಗೆ ಇಷ್ಟೇ ಆದರೆ ಕಟ್ಟಬಹುದು ಎಂದುಕೊಂಡಿದ್ದ.

ಐಶ್ವರ್ಯಾ ಪುಸ್ತಕ ಎಳೆದುಕೊಂಡಳು. ಹದಿನೈದರ ಹುಡುಗಿ, ಅಪ್ಪನಿಗೆ ಪರೀಕ್ಷೆಗೆ ತಯಾರಿ ಮಾಡಿಸುವ ಕೆಲಸವನ್ನು ತಾನಾಗಿ ಹಚ್ಚಿಕೊಂಡಿದ್ದಳು. ಅಜ್ಜಿಗೆ ಇಂಗ್ಲಿಷು ಬರದಿದ್ದುದರಿಂದ ಸೊಪ್ಪಿನ ರಾಶಿಯ ಆಚೆಗೇ ಗುಂಡು, ನಳಿಕೆ, ನೆತ್ತರುಗಳ ಪ್ರಶ್ನೋತ್ತರ ಯಾವ ಅಡ್ಡಿಯಿಲ್ಲದೆ ನಡೆಯಿತು. ಗೌರೀಶ ಹದಿನಾರರ ತನಕ ಪಟಪಟನೆ ಹೇಳಿದ. ಹದಿನೇಳು ಬಂದಾಗ ಅವಳು ಪುಸ್ತಕದಿಂದ ತಲೆಯೆತ್ತಿ ಅವನ ಮುಖವನ್ನೇ ನೋಡಿದಳು.

ಅವನು ನೀರು ಕುಡಿದ.

"ಅಪ್ಪಾ, ಇಟ್ಸ್ ಸಿ. ನಿಂಗೆ ಗೊತ್ತು ಇಟ್ಸ್ ಸಿ. ಜಸ್ಟ್ ಸೇ ಇಟ್."

"ಗೊತ್ತೈತಿ."

"ದೆನ್ ಸೇ ಇಟ್!"

"ಏನ ಕೇಳಾಕತ್ತಾಳ್ರಿ ಆಕಿ, ಅಷ್ಟ್ ಸಿಟ್ಟಿನಿಂದ?" ರುದ್ರವ್ವ ಕೈಯಲ್ಲಿದ್ದ ಮೆಂತೆಯ ಕಡ್ಡಿ ಕೆಳಗಿಟ್ಟಳು.

ಐಶ್ವರ್ಯಾ ಒಂದು ಕ್ಷಣ ಅಪ್ಪನ ಕಡೆ ನೋಡಿ, ತನಗೆ ಬಂದಷ್ಟು ಕನ್ನಡ ಕೂಡಿಸಿದಳು. "ಅಜ್ಜಿ, ರೋಡಲ್ಲಿ ಒಂದು ಆನಿಮಲ್‌ಗೆ ಗಾಡಿ ಹೊಡೀತು. ಅದು ಸತ್ತಿಲ್ಲ, ಬಟ್ ಬದುಕಲ್ಲ. ಏನ್ ಮಾಡ್ಬೇಕು? ಅದು ಕ್ವೆಶ್ಚನ್."

ರುದ್ರವ್ವನ ಮುಖ ಅರಳಿತು. ಗೌರೀಶನಿಗೆ ಏನು ಬರಲಿದೆಯೆಂದು ಗೊತ್ತಾಯಿತು, ತಡೆಯುವುದು ಹೇಗೆಂದು ಗೊತ್ತಾಗಲಿಲ್ಲ.

"ಅಯ್ಯ ಶಿವನ, ಇದನ್ನ ಕೇಳ್ತಾರೇನ? ನಿಮ್ಮಪ್ಪಾರಿಗೆ ಇದನ್ನ ಯಾರೂ ಕಲಸೂದ ಬ್ಯಾಡವಾ ಐಶೂ. ಹಿರೇಕೊಪ್ಪದ ದನದ ದವಾಖಾನ್ಯಾಗ ನಿಮ್ಮಪ್ಪಾರು ಡಾಕ್ಟರ್ ಇದ್ದಾಗಿಂದು. ಕಬ್ಬಿನ ಗಾಡಿ ಕಾಲವಿಯೊಳಗ ಪಲ್ಟಿ ಆಗಿ ಒಂದ ಎತ್ತಿನ ನಡಾ ಮುರಿದಿತ್ತಂತ. ಏಳಾಕ ಬರಂಗಿಲ್ಲ, ಮೇಯಾಕ ಬರಂಗಿಲ್ಲ. ಸೂಜಿ ಮಾಡಿ ಕಳಿಸಿಬಿಡ್ರಿ ಸಾಹೇಬ್ರ ಅಂತ ಆ ಮನಿಯಾಕಿ ಕಾಲಿಗೆ ಬಿದ್ಲಂತ. ನಿಮ್ಮಪ್ಪಾರು ಏನಂದ್ರು ಗೊತ್ತೇನ? ಜೀವಾ ಕೊಟ್ಟಾಂವ ಶಿವ, ಒಯ್ಯೂದು ಅವನ ಕೆಲಸ, ನಡುವ ಕೈ ಹಾಕಾಕ ನಾ ಯಾರವಾ ತಾಯಿ ಅಂದ್ರಂತ. ಊರ ತುಂಬ ಅದ ಮಾತಾತು. ನಿಮ್ಮಜ್ಜಾರು ಕೇಳಿ, ಇಂಥಾ ಹುಡುಗ ದೀಪಾ ಹಚ್ಚಿ ಹುಡುಕಿದ್ರೂ ಸಿಗಂಗಿಲ್ಲ, ಮದಲ ಹೋಗಿ ಮಾತಾಡೂಣು ನಡೀ ಅಂದ್ರು. ಹಂಗ ಆತು ನಿಮ್ಮವ್ವನ ಮದುವಿ."

ಗುರುಶಾಂತಪ್ಪ ಮಾಸ್ತರು, ಅವನ ಮಾವ, ಈಗಿಲ್ಲ. ಹೆಣ್ಣು ನೋಡುವ ಶಾಸ್ತ್ರದ ದಿನ ಅವಲಕ್ಕಿಯ ತಟ್ಟೆ ಮುಂದಿಟ್ಟು, ತಮ್ಮ ವಿಷಯ ಎಲ್ಲಾ ಕೇಳೀನ್ರಿ ಡಾಕ್ಟ್ರ, ಹೆಚ್ಚಿಗಿ ಏನೂ ಕೇಳೂದಿಲ್ಲ ಎಂದು ಕೈಮುಗಿದಿದ್ದರು. ಹಿರಿಯರು, ತನಗಿಂತ ಮೂವತ್ತು ವರ್ಷ ದೊಡ್ಡವರು, ಕೈಮುಗಿದಿದ್ದರು. ಆ ಮಾತನ್ನು ತಾನು ಆಡಲೇ ಇಲ್ಲ, ದವಾಖಾನೆಯ ಕಂಪೌಂಡರ್ ವಿರುಪಾಕ್ಷ ಚಹಾದ ಅಂಗಡಿಯಲ್ಲಿ ಕೂತು ಹೊಸೆದದ್ದು ಎಂದು ಆಗ ಹೇಳಬಹುದಿತ್ತು. ಅವಲಕ್ಕಿ ಬಾಯಿಯಲ್ಲಿತ್ತು. ಆಮೇಲೆ ಹೇಳಿದರಾಯಿತು ಎಂದುಕೊಂಡ. ಈ ದೇಶಕ್ಕೆ ಬಂದ ಮೇಲೆ ಅದೇ ಕಥೆಯನ್ನು ಬೇರೆ ಹೊದಿಕೆ ಹಾಕಿ ತಾನೇ ಹೇಳತೊಡಗಿದ. ಈಗಿನ ಕೆಲಸದ ಇಂಟರ್‌ವ್ಯೂನಲ್ಲಿ, ಅತ್ಯಂತ ಕಷ್ಟದ ಗಳಿಗೆ ಯಾವುದು ಎಂದು ಕೇಳಿದಾಗ, ನಮ್ಮ ಕಡೆ ಜನ ಎತ್ತನ್ನು ಕೊಲ್ಲಲು ಬಿಡುವುದಿಲ್ಲ, ಅವರ ನಂಬಿಕೆ ಹಾಗೆ, ಔಷಧಿ ಕೈಯಲ್ಲಿದ್ದೂ ನಾನು ಅಸಹಾಯಕನಾಗಿ ನಿಂತು ನೋಡಬೇಕಾಯಿತು ಎಂದ. ಎದುರಿದ್ದ ಮೂವರಲ್ಲಿ ಒಬ್ಬಾಕೆಯ ಕಣ್ಣು ತೇವವಾಯಿತು. ಕೆಲಸ ಸಿಕ್ಕಿತು. ಊರವರ ಎದುರು ಅವನು ಧರ್ಮವಂತ, ಇಲ್ಲಿಯವರ ಎದುರು ಊರವರ ಮೂಢತನಕ್ಕೆ ಬಲಿಯಾದವನು. ಸತ್ತ ಎತ್ತು ಎರಡು ಸಲ ಅವನಿಗೆ ಅನ್ನ ಹಾಕಿತ್ತು. ಎರಡೂ ಕಥೆಗಳನ್ನು ಕೇಳಿದವಳು ಮಹಾಶ್ವೇತಾ ಒಬ್ಬಳೇ. ಇವೆರಡರಲ್ಲಿ ಯಾವುದು ನಿಜ ಎಂದು ಅವಳು ಇವತ್ತಿನ ತನಕ ಕೇಳಿಲ್ಲ, ಕೇಳುತ್ತಿಲ್ಲ ಎಂಬುದನ್ನು ಮಾತ್ರ ಕೆಲವೊಮ್ಮೆ ಬಹಳ ಸ್ಪಷ್ಟವಾಗಿ ತೋರಿಸಿಕೊಡುತ್ತಾಳೆ.

"ಸೋ ಇಟ್ ಜಸ್ಟ್ ಲೇ ದೇರ್?" ಐಶ್ವರ್ಯಾ ಅಜ್ಜಿಯನ್ನಲ್ಲ, ಅವನನ್ನು ಕೇಳಿದಳು. ಅವಳ ದನಿಯಲ್ಲಿ ಮೆಚ್ಚುಗೆಯಿರಲಿಲ್ಲ. "ಹೌ ಲಾಂಗ್, ಅಪ್ಪಾ?"

"ಅವತ್ತ ಸಂಜೀಕ ಹೋತು," ಎಂದ ಗೌರೀಶ.

ಅವಳು ನಂಬಿದಳೋ ಇಲ್ಲವೋ, ಪುಸ್ತಕ ಮುಚ್ಚಿದಳು. ಮುಚ್ಚುವಾಗ ಬೈಂಡಿನ ಒಳಗಿನ ಲಕ್ಷ್ಮಿಯ ಕೈ ಕಂಡು, ಇದೇನು ಅಪ್ಪಾ ಎಂದು ನಗಬೇಕಾದವಳು ನಗಲಿಲ್ಲ. ರುದ್ರವ್ವ ಸೋಸಿದ ಸೊಪ್ಪನ್ನು ಎರಡೂ ಕೈಯಿಂದ ಬಾಚಿ ಬುಟ್ಟಿಗೆ ಹಾಕಿಕೊಂಡು, ಇಂಥಾ ತಂದಿ ಹೊಟ್ಟೀಲೆ ಹುಟ್ಟಾಕ ಪುಣ್ಯಾ ಮಾಡಿರಬೇಕವಾ ಎನ್ನುತ್ತ ಒಲೆಯ ಕಡೆ ಹೋದಳು. ಗೌರೀಶ ಅಲ್ಲಿಯೇ ಕೂತಿದ್ದ. ಮಗಳಿಗೆ ಸುಳ್ಳು ಹೇಳಿದ್ದು ಇದು ಮೊದಲ ಸಲವೇನಲ್ಲ, ಆದರೆ ಅವಳು ಕೇಳಿದ್ದು ಒಂದೇ ಒಂದು ಸರಿಯಾದ ಪ್ರಶ್ನೆ, ಅದಕ್ಕೇ ತಾನು ಸುಳ್ಳು ಹೇಳಿದ್ದು ಎಂಬುದು ನೋಯಿಸಿತು. ಮಹಾಶ್ವೇತಾ ಮೀಟಿಂಗು ಮುಗಿಸಿ ಕೆಳಗಿಳಿದು ಬಂದು ಅವನ ಮುಖ ನೋಡಿ, "ಹಣಿ ಮುಟ್ಟಿ ನೋಡ್ಲೇನು? ಜ್ವರಾ ಬಂದಾವೇನ್ರಿ?" ಅಂದಳು. "ಇಲ್ಲ, ದಣಿವು," ಅಂದ. "ನಾಳೆ ಒಂದ ದಿವಸ. ಏನ ಬೇಕಾದ್ದ ಅನ್ಕೋರಿ, ಆ ಒಂದ ಅಕ್ಷರ ಹೇಳಿ ಬರ್ರಿ. ಮಾರ್ಟ್‌ಗೇಜು ನನ್ನ ಒಬ್ಬಾಕಿ ಸಂಬಳದಾಗ ಆಗೂದಲ್ಲ, ನಿಮಗೂ ಗೊತ್ತೈತಿ," ಎಂದು ಮೆಲ್ಲಗೆ ಹೇಳಿ ಅವಳೂ ಒಲೆಯ ಕಡೆ ಹೋದಳು. ಕೋಪವಿಲ್ಲದೆ ಹೇಳಿದ್ದಳು. ಅವಳೂ ದಣಿದಿದ್ದಳು.

ಶನಿವಾರ ಮುಂಜಾನೆ ಮೆಲ್ಟನ್ ದಾಟಿ ಕ್ಲಬ್ಬಿನ ಹಾಲ್ ಮುಟ್ಟಿದಾಗ ಇನ್ನೂ ಅರ್ಧ ಗಂಟೆ ಸಮಯವಿತ್ತು. ತಗಡಿನ ಮಾಡು, ಒಳಗೆ ಮಡಚುವ ಕುರ್ಚಿಗಳು, ಒಂದು ಮೂಲೆಯಲ್ಲಿ ಚಹಾದ ನೀರು ಕುದಿಸುವ ಪಾತ್ರೆ. ಬರವಣಿಗೆಯ ಪರೀಕ್ಷೆಗೆ ಬಂದ ಹತ್ತು ಹನ್ನೆರಡು ಜನ ಗೋಡೆಗೊರಗಿ ನಿಂತು ಮಾತಾಡುತ್ತಿದ್ದರು. ಅದರಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗಿಯೂ ಇದ್ದಳು, ಅಪ್ಪನ ಜೊತೆ ಬಂದಿದ್ದಳು, ಬಾಯಲ್ಲಿ ಚ್ಯೂಯಿಂಗ್ ಗಮ್ಮು. ಆ ಹುಡುಗಿ ಪಾಸಾಗುತ್ತಾಳೆ ಎಂದು ಗೌರೀಶನಿಗೆ ಖಾತ್ರಿಯಾಗಿ ಅನ್ನಿಸಿತು. ಲಿನೆಟ್ ಅವನನ್ನು ಹೆಸರು ಹಿಡಿದು ಕರೆದು, ಎಲ್ಲರೆದುರು, ನಿಮಗೆ ಆ ಕಡೆಯ ಚಿಕ್ಕ ಕೋಣೆ, ಗಾಬರಿ ಬೇಡ ಡಿಯರ್, ನಾವು ಸಾವಕಾಶ ಮಾಡೋಣ ಎಂದು ಗಟ್ಟಿ ದನಿಯಲ್ಲಿ ಹೇಳಿದಳು. ಗೋಡೆಗೊರಗಿದವರು ಕರುಣೆಯಿಂದ ದಾರಿ ಬಿಟ್ಟರು. ಲಿನೆಟ್ ಅರವತ್ತೈದು ದಾಟಿದ ಹೆಂಗಸು, ಉಣ್ಣೆಯ ಸ್ವೆಟರು, ಕನ್ನಡಕಕ್ಕೆ ದಾರ. ಪ್ಯಾಂಟಿನ ಮೊಣಕಾಲಿಗೆ ಒಣಗಿದ ಮಣ್ಣು ಹತ್ತಿತ್ತು. ಎದುರು ಕೂತು ಒಂದೊಂದೇ ಪ್ರಶ್ನೆಯನ್ನು, ಕಿವುಡನಿಗೆ ಹೇಳುವಂತೆ ತುಟಿ ಅಗಲಿಸಿ ಓದಿದಳು. ಅವನು ಉತ್ತರ ಹೇಳಿದ. ಅವಳು ಗುರುತು ಹಾಕಿದಳು. ಹದಿನಾರು ಮುಗಿಯಿತು.

ಹದಿನೇಳನ್ನು ಓದುವ ಮೊದಲು ಅವಳು ಕನ್ನಡಕ ತೆಗೆದು ಒರೆಸಿದಳು. ಬಹುಶಃ ಅವನಿಗೆ ಸಮಯ ಕೊಡಲೆಂದೇ. ಆಮೇಲೆ ನಾಲ್ಕು ಉತ್ತರಗಳನ್ನೂ ನಿಧಾನವಾಗಿ ಓದಿದಳು. ಬಾಯಿ ತೆರೆದರೆ ಯಾವ ಅಕ್ಷರ ಬೀಳುತ್ತದೆಂದು ಅವನಿಗೇ ತಿಳಿಯದು. ಕಾಲುವೆಯ ದಂಡೆ, ಚೆಲ್ಲಿದ ಕಬ್ಬಿನ ಜಲ್ಲೆಗಳು, ಅವುಗಳ ನಡುವೆ ಕತ್ತು ನೀಡಿ ಮಲಗಿದ ಬಿಳಿ ಎತ್ತು, ಅದರ ಮೂಗಿನ ಹತ್ತಿರ ಉಸಿರಿಗೆ ಏಳುವ ಮಣ್ಣು. ಇದೆಲ್ಲ ನೆನಪೆಂದು ಕರೆಯುವಷ್ಟು ಹಳೆಯದಾಗಿರಲಿಲ್ಲ.

"ಸಿ," ಎಂದ.

"ಬಾಯಿಮಾತಿನ ಪರೀಕ್ಷೆಯಲ್ಲಿ ಅಕ್ಷರ ಸಾಲದು ಡಿಯರ್. ನಿಮ್ಮದೇ ಮಾತಿನಲ್ಲಿ ಹೇಳಿ."

"ಹತ್ತಿರ ಹೋಗಬೇಕು. ತಡಮಾಡದೆ ಮುಗಿಸಬೇಕು."

"ಯಾಕೆ?"

ಪುಸ್ತಕದ ವಾಕ್ಯ ಅವನಿಗೆ ಬಾಯಿ ತುದಿಯಲ್ಲಿತ್ತು. ಹೇಳಲು ಹೋದರೆ ಬೇರೆಯದು ಬಂತು. "ಯಾಕಂದರೆ ಅದು ಕಾಯುತ್ತಿರುತ್ತದೆ," ಎಂದ.

ಲಿನೆಟ್ ಪೆನ್ನು ಹಿಡಿದು, ಪುಸ್ತಕದಲ್ಲಿ ಹಾಗಿಲ್ಲ, ಆದರೆ ನಡೆಯುತ್ತದೆ ಎಂದು ಗುರುತು ಹಾಕಿದಳು. ಉಳಿದ ಮೂರು ಪ್ರಶ್ನೆ ಮೂರು ನಿಮಿಷದಲ್ಲಿ ಮುಗಿದವು. ಅವಳು ಹಾಳೆಯ ಕೆಳಗೆ ಒಂದು ಗೆರೆ ಎಳೆದು, ಪಾಸು, ಕಂಗ್ರ್ಯಾಟ್ಸ್ ಎಂದು ಕೈ ನೀಡಿದಳು. ಅವಳ ಕೈ ಒರಟಾಗಿತ್ತು, ಬೆಚ್ಚಗಿತ್ತು. ಇಷ್ಟೇ. ಎರಡು ತಿಂಗಳು ರೈಲಿನಲ್ಲಿ, ಮನೆಯಲ್ಲಿ, ಕಕ್ಕಸಿನಲ್ಲಿ ಕೂತು ಹೆದರಿದ್ದು ಇಷ್ಟಕ್ಕೆ. ಗೌರೀಶನಿಗೆ ಸಂತೋಷವಾಗಲಿಲ್ಲ, ನಿದ್ದೆ ಬಂದಂತಾಯಿತು. ಅವಳು ಸಹಿಗೆ ಬೇರೊಂದು ಫಾರಂ ಹುಡುಕುತ್ತ, ಸುಮ್ಮನೆ ಮಾತಿಗೆಂದು ಕೇಳಿದಳು: "ನೀವು ನಿಮ್ಮ ದೇಶದಲ್ಲಿ ದನದ ಡಾಕ್ಟರಂತೆ, ನಿಮ್ಮ ಫಾರಂನಲ್ಲಿ ನೋಡಿದೆ. ಹಾಗಾದರೆ ಇದೆಲ್ಲ ನಿಮಗೆ ಎಷ್ಟು ಸಲ ಮಾಡಿದ ಕೆಲಸವೋ."

ಕಥೆ ತಾನಾಗಿ ಎದ್ದು ಬಂತು. ನಮ್ಮ ಕಡೆ ಜನ ಬಿಡುವುದಿಲ್ಲ, ಅವರ ನಂಬಿಕೆ. ಇಷ್ಟು ವರ್ಷ ಹೇಳಿ ಹೇಳಿ ನುಣುಪಾದ ವಾಕ್ಯ. "ನಮ್ಮ ಕಡೆ ಜನ," ಎಂದು ಶುರು ಮಾಡಿದ, ಮತ್ತು ಅಲ್ಲಿಗೇ ನಿಂತ. ನಿಲ್ಲಬೇಕೆಂದುಕೊಂಡು ನಿಂತದ್ದಲ್ಲ. ಮುಂದಕ್ಕೆ ಹೇಳುವಷ್ಟು ತ್ರಾಣವೇ ಇರಲಿಲ್ಲ. ಸುಳ್ಳಿಗೂ ಒಂದು ಉಮೇದು ಬೇಕು.

"ಒಂದು ಸಲವೂ ಮಾಡಿಲ್ಲ," ಎಂದ. "ಒಬ್ಬಾಕೆ ಕೇಳಿದ್ದಳು. ಭಾಗೀರಥಿ ಅಂತ ಹೆಸರು. ಅವಳ ಎತ್ತಿನ ನಡು ಮುರಿದಿತ್ತು. ಕೊಂದುಬಿಡಿ ಎಂದು ಅವಳೇ ಕೇಳಿದಳು. ಔಷಧಿ ನನ್ನ ಬ್ಯಾಗಿನಲ್ಲಿತ್ತು. ನನಗೆ ಹೆದರಿಕೆಯಾಯಿತು. ನಾಳೆ ಮುಂಜಾನೆ ಬಂದು ಮಾಡುತ್ತೇನೆ ಎಂದು ಹೇಳಿ ಬಂದೆ. ಹೋಗಲಿಲ್ಲ."

ಹೊರಗೆ ಹಾಲ್‌ನಲ್ಲಿ ಕುರ್ಚಿಗಳನ್ನು ಎಳೆದಾಡುವ ಸದ್ದಾಗುತ್ತಿತ್ತು. ಲಿನೆಟ್ ಫಾರಂ ಹುಡುಕುವುದನ್ನು ಬಿಟ್ಟಿದ್ದಳು.

"ಎಷ್ಟು ಹೊತ್ತು ತೆಗೆದುಕೊಂಡಿತು?"

"ನಾಲ್ಕು ದಿನ."

ಆ ನಾಲ್ಕು ದಿನ ತಾನು ಕಾಲುವೆಯ ದಾರಿ ಬಿಟ್ಟು, ಕಲ್ಲಿನ ಕ್ವಾರಿಯ ಕಡೆಯಿಂದ ಆರು ಮೈಲಿ ಸುತ್ತಿ ಬೈಕಿನಲ್ಲಿ ದವಾಖಾನೆಗೆ ಹೋಗಿ ಬಂದದ್ದನ್ನೂ ಹೇಳಿದ. ಯಾರಿಗೂ ಕಾಣಲಿಲ್ಲ ಎಂದುಕೊಂಡಿದ್ದೆ ಎಂದ. ಇಂಗ್ಲಿಷು ಎಲ್ಲಿಯೂ ತೊಡರಲಿಲ್ಲ. ಅವಳು ಪರವಾಗಿಲ್ಲ ಎನ್ನಲಿಲ್ಲ, ಅದಕ್ಕೆ ಅವನಿಗೆ ಅವಳ ಮೇಲೆ ಗೌರವ ಹುಟ್ಟಿತು. ಫಾರಂ ಸಿಕ್ಕಿತು. ಅದನ್ನು ಅವನ ಮುಂದೆ ಸರಿಸಿ, ಸಹಿ ಮಾಡುವ ಜಾಗವನ್ನು ಬೆರಳಿನಿಂದ ತೋರಿಸಿದಳು. ಅವನು ಪೆನ್ನು ಹಿಡಿದುಕೊಂಡ. ಐದನೆಯ ದಿನ ಮುಂಜಾನೆ ಭಾಗೀರಥಿ ದವಾಖಾನೆಗೆ ಬಂದಿದ್ದಳು. ಕಂಪೌಂಡರ್ ವಿರುಪಾಕ್ಷ ಬಾಗಿಲ ಮುಂದೆ ಗುಡಿಸುತ್ತಿದ್ದ. ಅವಳು ಒಳಗೆ ಬರಲಿಲ್ಲ, ಹೊಸ್ತಿಲ ಆಚೆಗೇ ನಿಂತು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಸಿಟ್ಟಿಲ್ಲದೆ, ವ್ಯಂಗ್ಯವಿಲ್ಲದೆ, ದಾರಿಹೋಕರಿಗೆ ಕಾಲುವೆಯ ನೀರು ಇಳಿಯಿತು ಎಂದು ತಿಳಿಸುವಷ್ಟು ಸಹಜವಾಗಿ ಹೇಳಿದ್ದಳು: "ಎತ್ತು ರಾತ್ರಿ ಹೋತ್ರಿ ಸಾಹೇಬ್ರ. ಇನ್ನ ಸುತ್ತ ಹಾಕೂದ ಬ್ಯಾಡ, ನಮ್ಮ ಹಾದೀಲೆ ಅಡ್ಡಾಡ್ರಿ."